ರಾಣಿಯನ್ನೇ ಕೊಟ್ಟವರು

ಚೆಸ್‌ನ ಅತಿ ಸುಂದರ ಬಲಿಗಳಲ್ಲಿ ಎಷ್ಟೋ ಹುಟ್ಟಿದ್ದು ಕಾಫಿಗೃಹಗಳಲ್ಲಿ, ಕ್ಲಬ್ಬುಗಳಲ್ಲಿ, ಬಿಡುವಿನ ಸಂಜೆಗಳಲ್ಲಿ. ಆ ಸಂತೋಷದ ಮೇಲೆ ಹವ್ಯಾಸಿಗಳ ಹಕ್ಕು ಇವತ್ತಿಗೂ ಮಾಸಿಲ್ಲ.

1912ರ ಅಕ್ಟೋಬರ್ 29. ಸಿಟಿ ಆಫ್ ಲಂಡನ್ ಚೆಸ್ ಕ್ಲಬ್ಬಿನಲ್ಲಿ ಇಬ್ಬರು ಸುಮ್ಮನೆ ಒಂದು ಆಟಕ್ಕೆ ಕೂತಿದ್ದರು. ಒಬ್ಬರು ಜರ್ಮನಿಯಿಂದ ಬಂದಿದ್ದ ಯುವ ಎಂಜಿನಿಯರ್ ಎಡ್ವರ್ಡ್ ಲಾಸ್ಕರ್. ಇನ್ನೊಬ್ಬರು ಜಾರ್ಜ್ ಥಾಮಸ್. ಬಹುಮಾನವಿಲ್ಲ, ಅಂಕವಿಲ್ಲ, ಪಟ್ಟವಿಲ್ಲ. ಹತ್ತು ನಡೆಗಳಾಗಿದ್ದವು, ಥಾಮಸ್ ಕ್ಯಾಸ್ಲಿಂಗ್ ಮಾಡಿ ರಾಜನನ್ನು ಭದ್ರವಾಗಿ ಮೂಲೆಯತ್ತ ಸೇರಿಸಿದ್ದರು. ಹನ್ನೊಂದನೇ ನಡೆಗೆ ಲಾಸ್ಕರ್ ತಮ್ಮ ರಾಣಿಯನ್ನು ಎತ್ತಿ, ಆ ರಾಜನ ಮುಂದೆಯೇ ಎಚ್7 ಮನೆಯಲ್ಲಿದ್ದ ಕಾಲಾಳನ್ನು ಹೊಡೆದು ಕೂರಿಸಿದರು. ರಾಣಿಗೆ ಅಲ್ಲಿ ಬೆಂಗಾವಲಿಲ್ಲ. ರಾಜ ಅದನ್ನು ತಿನ್ನಲೇಬೇಕು, ಬೇರೆ ನಡೆಯೇ ಇಲ್ಲ. ತಿಂದ.

ಆಮೇಲೆ ನಡೆದದ್ದನ್ನು ಹಲಗೆಯ ಮೇಲೆ ಕಾಯಿ ಜೋಡಿಸಿಕೊಂಡೇ ನೋಡಬೇಕು. ಬಿಳಿಯ ಕುದುರೆ ಪಕ್ಕಕ್ಕೆ ಹಾರಿತು. ಅದು ಹಾರಿದ್ದೇ ತಡ, ಹಿಂದೆ ಕಾದಿದ್ದ ಒಂಟೆಯ ದಾರಿ ತೆರೆದುಕೊಂಡು ರಾಜನಿಗೆ ಏಕಕಾಲಕ್ಕೆ ಎರಡು ಕಡೆಯಿಂದ ಚೆಕ್. ಎರಡು ಕಾಯಿ ಒಟ್ಟಿಗೆ ಚೆಕ್ ಕೊಟ್ಟರೆ ಅಡ್ಡ ಹಾಕುವಂತಿಲ್ಲ, ಓಡಲೇಬೇಕು. ಕಪ್ಪು ರಾಜ ಎಚ್6ಕ್ಕೆ ಬಂದ. ಎರಡನೇ ಕುದುರೆ ಅಟ್ಟಿತು, ಜಿ5. ಕಾಲಾಳು ಅಟ್ಟಿತು, ಎಫ್4. ಇನ್ನೊಂದು ಕಾಲಾಳು, ಎಫ್3. ತನ್ನ ಅರಮನೆ ಬಿಟ್ಟು ಹೊರಟ ರಾಜ ಶತ್ರುವಿನ ಪಾಳೆಯವನ್ನು ದಾಟಿ ಜಿ2ಕ್ಕೆ, ಅಲ್ಲಿಂದ ಹಲಗೆಯ ಕಟ್ಟಕಡೆಯ ಸಾಲಿನ ಜಿ1ಕ್ಕೆ ಬಂದು ನಿಂತ. ಹದಿನೆಂಟನೇ ನಡೆಯಲ್ಲಿ ಬಿಳಿಯ ರಾಜ ತಾನೇ ಒಂದು ಹೆಜ್ಜೆ ಸರಿದ. ಆಟದ ಮೊದಲಿನಿಂದ ಮೂಲೆಯಲ್ಲಿ ಅಲುಗದೆ ನಿಂತಿದ್ದ ಆನೆಗೆ ಸಾಲು ತೆರೆಯಿತು. ಚೆಕ್‌ಮೇಟ್.

ಇದಕ್ಕಿಂತ ಒಂದು ನಡೆ ಬೇಗ ಮುಗಿಸುವ ದಾರಿ ಇತ್ತೆಂದು ಆಮೇಲೆ ವಿಶ್ಲೇಷಕರು ಹುಡುಕಿದರು. ಇರಲಿ. ರಾಜನೇ ಸರಿದು ಮೇಟ್ ಕೊಡುವ ಆ ಕೊನೆಯ ನಡೆಯನ್ನು ಒಂದು ನಡೆಯ ಉಳಿತಾಯಕ್ಕಾಗಿ ಬಿಟ್ಟುಕೊಡಲು ನಾನಂತೂ ಒಪ್ಪುವುದಿಲ್ಲ.

ಸೋತ ಥಾಮಸ್ ಯಾರು ಎಂಬುದನ್ನು ಕರ್ನಾಟಕದ ಓದುಗರು ಕೇಳಲೇಬೇಕು. ಬ್ಯಾಡ್ಮಿಂಟನ್‌ನ ಥಾಮಸ್ ಕಪ್‌ಗೆ ಹೆಸರು ಬಂದಿದ್ದು ಇವರಿಂದಲೇ. 1980ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಗೆದ್ದ ಆಲ್ ಇಂಗ್ಲೆಂಡ್ ಸಿಂಗಲ್ಸ್ ಪ್ರಶಸ್ತಿಯನ್ನು ಥಾಮಸ್ 1920ರಿಂದ 1923ರವರೆಗೆ ಸತತ ನಾಲ್ಕು ಸಲ ಗೆದ್ದಿದ್ದರು. ಚೆಸ್‌ನಲ್ಲೂ ಎರಡು ಬಾರಿ ಬ್ರಿಟಿಷ್ ಚಾಂಪಿಯನ್. ಅಂಥ ಆಟಗಾರ ಅಂದು ಹಲಗೆಯ ಆಚೆ ತುದಿಯಲ್ಲಿ ತನ್ನ ರಾಜ ಸಿಕ್ಕಿಬಿದ್ದದ್ದನ್ನು ನೋಡಿ, ತುಂಬ ಚೆನ್ನಾಗಿತ್ತು ಎಂದು ಮೆಚ್ಚಿಕೊಂಡರಂತೆ. ಲಾಸ್ಕರ್‌ಗೆ ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ಪಕ್ಕದಲ್ಲಿದ್ದವರು ಅನುವಾದಿಸಿ ಹೇಳಿದಾಗ ಆ ದೊಡ್ಡತನಕ್ಕೆ ಮನಸ್ಸು ಕರಗಿತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ.

ಈ ಆಟವನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಇದು ಟೂರ್ನಿಯ ಆಟವಲ್ಲ. ಚೆಸ್ ಪುಸ್ತಕಗಳಲ್ಲಿ ಚಿನ್ನದ ಚೌಕಟ್ಟು ಹಾಕಿಸಿಕೊಂಡ ಬಲಿಗಳ ಊರು ಕೇಳುತ್ತಾ ಹೋಗಿ, ಮತ್ತೆ ಮತ್ತೆ ಇಂಥ ಉತ್ತರವೇ ಸಿಗುತ್ತದೆ. ಚೆಸ್ ಕಲಿಯುವ ಮಕ್ಕಳು ಬಾಯಿ ಬಿಟ್ಟು ನೋಡುವ ಲೆಗಾಲ್ ಮೇಟ್ 1750ರ ಸುಮಾರಿಗೆ ಪ್ಯಾರಿಸ್ಸಿನ ಕೆಫೆ ದ ಲಾ ರೆಜಾನ್ಸ್ ಎಂಬ ಕಾಫಿಗೃಹದ ಕಾಲದ್ದು: ರಾಣಿಯನ್ನು ಹೊಡೆಯಲು ಬಿಟ್ಟು, ಎರಡು ಕುದುರೆ ಒಂದು ಒಂಟೆ ಸೇರಿ ಏಳನೇ ನಡೆಗೆ ಮೇಟ್. 1858ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ, ಒಪೆರಾ ನಡೆಯುತ್ತಿರುವಾಗಲೇ, ಅಮೆರಿಕದ 21ರ ಹುಡುಗ ಪಾಲ್ ಮಾರ್ಫಿಯನ್ನು ಬ್ರನ್ಸ್‌ವಿಕ್‌ನ ಡ್ಯೂಕ್ ತಮ್ಮ ಬಾಕ್ಸ್‌ನಲ್ಲಿ ಆಟಕ್ಕೆ ಕೂರಿಸಿಕೊಂಡರು. ಜತೆಗೆ ಇನ್ನೊಬ್ಬ ಕೌಂಟ್. ಇಬ್ಬರೂ ಸಮಾಲೋಚಿಸಿ ಆಡಿದರೂ 17ನೇ ನಡೆಗೆ ಸೋತರು. ಅದಕ್ಕೂ ಮುಂಚಿನ ನಡೆಯಲ್ಲಿ ಮಾರ್ಫಿ ರಾಣಿಯನ್ನು ಕೊಟ್ಟಿದ್ದ. ಕೊನೆಗೆ ಕಾಲಾಳುಗಳನ್ನು ಬಿಟ್ಟರೆ ಅವನ ಬಳಿ ಉಳಿದದ್ದು ಒಂದು ಆನೆ, ಒಂದು ಒಂಟೆ. ಮೇಟ್ ಕೊಡಲು ಬೇಕಾದ್ದು ಆ ಎರಡೇ. ಓದಿದ್ದು ಕಾನೂನು, ಚೆಸ್ಸನ್ನು ಹೊಟ್ಟೆಪಾಡು ಮಾಡಿಕೊಳ್ಳಲು ಅವನು ಎಂದೂ ಒಪ್ಪಲಿಲ್ಲ.

ಹಾಗಾಗಿ ಮೈಸೂರಿನ ಒಂದು ಮನೆಯ ವರಾಂಡದಲ್ಲೋ, ಹಾಸ್ಟೆಲ್ಲಿನ ಕೋಣೆಯಲ್ಲೋ, ಮೊಬೈಲಿನ ಪರದೆಯ ಮೇಲೋ ಒಬ್ಬ ಹವ್ಯಾಸಿ ಕುದುರೆಯನ್ನು ಎಫ್7ಕ್ಕೆ ಎಸೆದಾಗ ಅವನು ದೊಡ್ಡವರನ್ನು ಅನುಕರಿಸುತ್ತಿದ್ದಾನೆ ಎನ್ನಲಾಗದು. ಈ ಆಟದ ಸೊಬಗು ಹುಟ್ಟಿದ ಮನೆಯಲ್ಲೇ ಅವನೂ ಕೂತಿದ್ದಾನೆ.

ಎಫ್7ರ ಮಾತು ಬಂದಾಗ ಕಲ್ಕತ್ತಾಗೆ ಹೋಗಲೇಬೇಕು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಅಲ್ಲಿ ಜಾನ್ ಕಾಕ್ರನ್ ಎಂಬ ಸ್ಕಾಟ್‌ಲೆಂಡಿನ ವಕೀಲರಿದ್ದರು. ಅವರಿಗೆ ಸಮಬಲದ ಎದುರಾಳಿಯಾಗಿ ಸಿಕ್ಕವರು ಬಂಗಾಳದ ಒಳನಾಡಿನಿಂದ ಬಂದ ಮಹೇಶಚಂದ್ರ ಬ್ಯಾನರ್ಜಿ, ನಮ್ಮ ದೇಶೀ ನಿಯಮಗಳಲ್ಲಿ ಆಡಿ ಬೆಳೆದವರು. ಇಬ್ಬರ ನಡುವೆ ನೂರಾರು ಆಟ ನಡೆದವು, ಕಾಕ್ರನ್ ಅವನ್ನು ಬರೆದಿಟ್ಟರು. ಕಾಲಾಳನ್ನು ಒಂದೊಂದೇ ಮನೆ ಸರಿಸಿ, ಒಂಟೆಯನ್ನು ರಾಜನ ಪಕ್ಕದ ಸಂದಿಯಲ್ಲಿ ಕೂರಿಸಿ, ದೂರದಿಂದ ಇಡೀ ಕರ್ಣದ ಮೇಲೆ ಕಣ್ಣಿಡುವ ಮಹೇಶಚಂದ್ರರ ಶೈಲಿ ಯುರೋಪಿಗೆ ಹೊಸದಾಗಿತ್ತು. ಇಂದು ಜಗತ್ತೆಲ್ಲ ಆಡುವ ‘ಇಂಡಿಯನ್ ಡಿಫೆನ್ಸ್’ಗಳಿಗೆ ಆ ಹೆಸರು ಬರಲು ಮೂಲ ಇವರ ಆಟವೆಂದೇ ಚೆಸ್ ಚರಿತ್ರೆ ಬರೆದವರು ಗುರುತಿಸುತ್ತಾರೆ. 1922ರಲ್ಲಿ ವಿಯೆನ್ನಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಆಡಿ ತಮ್ಮ ಹೆಸರು ಅಂಟಿಸಿಕೊಂಡ ರಕ್ಷಣೆಯನ್ನು ಮಹೇಶಚಂದ್ರರು 1855ರಲ್ಲೇ ಆಡಿದ ದಾಖಲೆ ಇದೆ.

ಇಂಥ ಗಟ್ಟಿ ರಕ್ಷಕನ ಎದುರು ಕಾಕ್ರನ್ 1848ರಲ್ಲಿ ಒಂದು ಸಾಹಸ ಮಾಡಿದರು. ಪೆಟ್ರೋಫ್ ಆರಂಭದಲ್ಲಿ, ನಾಲ್ಕನೆಯ ನಡೆಗೇ, ಕುದುರೆಯನ್ನು ಎಫ್7ರ ಕಾಲಾಳಿನ ಮೇಲೆ ಹೊಡೆದರು. ಒಂದು ಕುದುರೆ ಹೋಯಿತು, ಬದಲಿಗೆ ಎರಡು ಕಾಲಾಳು. ಮೇಟ್ ಕಣ್ಣಳತೆಯಲ್ಲಿ ಎಲ್ಲೂ ಇಲ್ಲ. ಸಿಕ್ಕಿದ್ದು ಇಷ್ಟೇ: ಕಪ್ಪು ರಾಜ ಹೊರಗೆ ಬಂದ, ಇನ್ನು ಕ್ಯಾಸ್ಲಿಂಗ್ ಇಲ್ಲ, ನಡುವಿನ ಮನೆಗಳೆಲ್ಲ ಬಿಳಿಯ ಕಾಲಾಳುಗಳ ವಶ. ಅದನ್ನು ನಂಬಿ ಆಡುವುದು ಹುಚ್ಚು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ 1999ರಲ್ಲಿ ಸ್ಪೇನ್‌ನ ಲಿನಾರೆಸ್ ಟೂರ್ನಿಯಲ್ಲಿ, ಜಗತ್ತಿನ ತುತ್ತತುದಿಯ ಆಟಗಾರರ ನಡುವೆ, ವೆಸೆಲಿನ್ ಟೊಪಲೋವ್ ಇದೇ ಕಾಕ್ರನ್ ಗ್ಯಾಂಬಿಟ್ಟನ್ನು ವ್ಲಾದಿಮಿರ್ ಕ್ರಾಮ್ನಿಕ್ ಎದುರು ಆಡಿದರು. ಆಟ ಡ್ರಾ ಆಯಿತು. ಕಲ್ಕತ್ತಾದ ಇಬ್ಬರು ಗೆಳೆಯರ ಹಲಗೆಯಿಂದ ಹೊರಟ ನಡೆ ಒಂದೂವರೆ ಶತಮಾನದ ಬಳಿಕ ಅಲ್ಲಿಗೆ ತಲುಪಿತ್ತು.

ಗ್ಯಾಂಬಿಟ್‌ಗಳ ಚರಿತ್ರೆಯಲ್ಲಿ ಇಂಥ ಮನುಷ್ಯರೇ ಸಿಗುತ್ತಾರೆ. ನಾಲ್ಕನೇ ನಡೆಗೆ ಬಿ4 ಕಾಲಾಳನ್ನು ಒಂಟೆಯ ಬಾಯಿಗೆ ಕೊಡುವ ಎವಾನ್ಸ್ ಗ್ಯಾಂಬಿಟ್ ವೇಲ್ಸ್‌ನ ಹಡಗಿನ ಕ್ಯಾಪ್ಟನ್ ವಿಲಿಯಂ ಡೇವಿಸ್ ಎವಾನ್ಸ್ 1820ರ ದಶಕದಲ್ಲಿ ಕಂಡುಕೊಂಡದ್ದು. 1995ರಲ್ಲಿ ರಿಗಾದಲ್ಲಿ ಗ್ಯಾರಿ ಕ್ಯಾಸ್ಪರೋವ್ ಅದನ್ನು ಹಳೆಯ ಪೆಟ್ಟಿಗೆಯಿಂದ ತೆಗೆದು ನಮ್ಮ ಆನಂದ್ ಎದುರು ಆಡಿ 25 ನಡೆಗಳಲ್ಲಿ ಗೆದ್ದರು. ಭಾರತೀಯನಾಗಿ ಆ ಸೋಲು ನೋವು ಕೊಟ್ಟರೂ, ಕ್ಯಾಪ್ಟನ್ನನ ಕಾಲಾಳಿಗೆ ಸಿಕ್ಕ ಗೌರವ ಖುಷಿ ಕೊಡುತ್ತದೆ.

ಕಾಯಿಯನ್ನು ಬಲಿ ಕೊಟ್ಟ ಆ ಕ್ಷಣದಲ್ಲಿ ಏನಾಗುತ್ತದೆ? ಆಡಿದವರೆಲ್ಲರಿಗೂ ಗೊತ್ತು. ಯೋಚನೆ ಹುಟ್ಟಿದಾಗಲೇ ಎದೆ ಬಡಿತ ಏರುತ್ತದೆ. ಕೈ ಕಾಯಿಯ ಮೇಲೆ ಹೋಗಿ ಹಿಂದೆ ಬರುತ್ತದೆ, ಏಕೆಂದರೆ ಮುಟ್ಟಿದರೆ ಆಡಲೇಬೇಕು. ಕೊನೆಗೆ ಆಡಿ ಗಡಿಯಾರ ಒತ್ತಿದ ಮೇಲೆ ಎದುರಿನವರು ಮೊದಲು ಹಲಗೆಯನ್ನು ನೋಡುತ್ತಾರೆ, ಆಮೇಲೆ ನಿಮ್ಮ ಮುಖವನ್ನು. ಕೈತಪ್ಪಿ ಆಯಿತೋ, ಬೇಕೆಂದೇ ಕೊಟ್ಟಿದ್ದೋ? ಪಕ್ಕದ ಹಲಗೆಗಳಲ್ಲಿ ಆಟ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ನಿಮ್ಮ ಬೆನ್ನ ಹಿಂದೆ ನಿಲ್ಲುತ್ತಾರೆ. ಒಂದು ಕಾಲಾಳು ಹೆಚ್ಚಿಸಿಕೊಂಡು ಅರುವತ್ತು ನಡೆ ಜಗ್ಗಿ ಗೆದ್ದ ಆಟದ ಸುತ್ತ ಹೀಗೆ ಜನ ಸೇರಿದ್ದನ್ನು ನಾನು ಕಂಡಿಲ್ಲ.

ಆದರೆ ಸೊಬಗಿನ ಹಿಂದೆ ಕಸುಬಿದೆ, ಅದನ್ನು ಬಿಟ್ಟರೆ ಬಲಿ ಬರೀ ನಷ್ಟ. ಹವ್ಯಾಸಿಗೆ ಅತಿ ಹೆಚ್ಚು ಸಲ ಎದುರಾಗುವ ‘ಗ್ರೀಕ್ ಗಿಫ್ಟ್’ ತೆಗೆದುಕೊಳ್ಳಿ. 17ನೇ ಶತಮಾನದ ಆರಂಭದಲ್ಲಿ ಇಟಲಿಯ ಜಿಯೋಕಿನೊ ಗ್ರೆಕೊ ಬರೆದಿಟ್ಟ ಆಟಗಳಲ್ಲೇ ಇದು ಇದೆ. ಕ್ಯಾಸ್ಲಿಂಗ್ ಮಾಡಿದ ರಾಜನ ಮುಂದಿನ ಎಚ್7 ಕಾಲಾಳನ್ನು ಒಂಟೆಯಿಂದ ಹೊಡೆಯುವುದು, ರಾಜ ಅದನ್ನು ತಿಂದರೆ ಕುದುರೆಯಿಂದ ಜಿ5ರಲ್ಲಿ ಚೆಕ್, ಹಿಂದೆಯೇ ರಾಣಿ ಎಚ್5ಕ್ಕೆ. ಕಲಿಯುವವರು ಈ ಮೂರು ನಡೆ ಬಾಯಿಪಾಠ ಮಾಡಿ ಎಲ್ಲೆಂದರಲ್ಲಿ ಹೊಡೆಯುತ್ತಾರೆ. ನೋಡಬೇಕಾದ್ದು ಬೇರೆ. ಕಪ್ಪಿನ ಕುದುರೆ ಎಫ್6ರಲ್ಲಿ ಇದೆಯೇ? ಇದ್ದರೆ ಎಚ್7 ಮನೆಗೆ ಅದೇ ಕಾವಲು. ಅದನ್ನು ಬಿಳಿಯ ಇ5 ಕಾಲಾಳು ಮೊದಲೇ ಓಡಿಸಿರಬೇಕು. ಕಪ್ಪಿನ ಒಂಟೆಯೋ ರಾಣಿಯೋ ಮುಂದಿನ ನಡೆಯಲ್ಲಿ ಎಚ್7ರ ಕರ್ಣಕ್ಕೆ ಬಂದು ಕೂರಬಹುದೇ? ಜಿ5ಕ್ಕೆ ಬಂದ ಕುದುರೆಯನ್ನು ಸುಮ್ಮನೆ ಹೊಡೆಯುವವರಿದ್ದಾರೆಯೇ? ಎಲ್ಲಕ್ಕಿಂತ ಮುಖ್ಯ, ರಾಜ ಹಿಂದಕ್ಕೆ ಹೋಗದೆ ಜಿ6ಕ್ಕೆ ಮುಂದೆ ಬಂದರೆ? ಗ್ರೀಕ್ ಗಿಫ್ಟಿನ ಪರೀಕ್ಷೆ ನಡೆಯುವುದೇ ಅಲ್ಲಿ. ಆಗ ರಾಣಿ ಜಿ4ಕ್ಕೆ ಬರಬೇಕೋ, ಎಚ್4 ಕಾಲಾಳು ಮುಂದಾಗಬೇಕೋ ಎಂಬುದು ಪ್ರತಿ ಸ್ಥಿತಿಯಲ್ಲೂ ಹೊಸ ಲೆಕ್ಕ. ಈ ಲೆಕ್ಕ ಮಾಡಿ, ಕೊನೆಯ ಒಂದೆರಡು ನಡೆ ಮಬ್ಬಾಗಿಯೇ ಉಳಿದಿದ್ದರೂ, ಒಂಟೆಯನ್ನು ಮುಂದೆ ತಳ್ಳುವುದರಲ್ಲಿ ಇರುವ ಸುಖ ಬೇರೆ ಯಾವ ನಡೆಯಲ್ಲೂ ಇಲ್ಲ.

ಆ ಮಬ್ಬಿನ ಬಗ್ಗೆ ವಿಯೆನ್ನಾದ ರುಡಾಲ್ಫ್ ಸ್ಪೀಲ್‌ಮನ್ 1935ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಅವರು ಬಲಿಗಳನ್ನು ಎರಡು ಬಗೆ ಮಾಡುತ್ತಾರೆ. ಕೊಟ್ಟದ್ದು ಕೆಲವೇ ನಡೆಗಳಲ್ಲಿ ಬಡ್ಡಿ ಸಮೇತ ವಾಪಸು ಬರುತ್ತದೆಂದು ಲೆಕ್ಕ ಹಾಕಿ ತೋರಿಸಬಹುದಾದದ್ದು ಒಂದು. ಕೊನೆ ಮುಟ್ಟ ಲೆಕ್ಕ ಹಾಕಲಾಗದೆ, ಸ್ಥಿತಿಯನ್ನು ನಂಬಿ ಕೊಡುವಂಥದ್ದು ಇನ್ನೊಂದು. ಮೊದಲನೆಯದು ಪತ್ರ ಬರೆಸಿಕೊಂಡು ಕೊಟ್ಟ ಸಾಲ, ಎರಡನೆಯದು ನಂಬಿಕೆಯ ಮೇಲೆ ಕೊಟ್ಟ ಕೈಗಡ. ಸ್ಪೀಲ್‌ಮನ್ ನಿಜವಾದ ಬಲಿ ಎಂದದ್ದು ಎರಡನೆಯದನ್ನೇ. ಲಾಸ್ಕರ್ ಕೊಟ್ಟ ರಾಣಿ ಮೊದಲ ಬಗೆ, ಕಾಕ್ರನ್ ಕೊಟ್ಟ ಕುದುರೆ ಎರಡನೆಯ ಬಗೆ. ಹವ್ಯಾಸಿಗಳು ಮೊದಲನೆಯದನ್ನು ಅಭ್ಯಾಸ ಮಾಡಿಕೊಂಡೇ ಎರಡನೆಯದಕ್ಕೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೇಟಿನ ಮಾದರಿಗಳು ಕಣ್ಣಿಗೆ ಕಟ್ಟಿರದಿದ್ದರೆ ಸ್ಥಿತಿಯನ್ನು ನಂಬುವುದಾದರೂ ಯಾವ ಆಧಾರದ ಮೇಲೆ?

ಕೈಗಡ ಕೊಡುವುದರಲ್ಲಿ ಮಿಖಾಯಿಲ್ ತಾಲ್‌ರನ್ನು ಮೀರಿದವರಿಲ್ಲ. ರಿಗಾದ ಈ ಮಾಂತ್ರಿಕ 1960ರಲ್ಲಿ, 23ನೇ ವಯಸ್ಸಿನಲ್ಲಿ, ಮಾಸ್ಕೋದಲ್ಲಿ ಬೋಟ್ವಿನಿಕ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಆ ಪಂದ್ಯದ ಆರನೇ ಆಟದಲ್ಲಿ ಕಪ್ಪು ಕಾಯಿಗಳಲ್ಲಿ ಆಡುತ್ತಿದ್ದ ತಾಲ್ ಎಫ್4 ಮನೆಗೆ ಒಂದು ಕುದುರೆಯನ್ನು ಬಿಟ್ಟುಕೊಟ್ಟಾಗ ಸಭಾಂಗಣದಲ್ಲಿ ಎಷ್ಟು ಗದ್ದಲವೆದ್ದಿತೆಂದರೆ, ಆಟವನ್ನು ಹಿಂದಿನ ಕೋಣೆಗೆ ಸ್ಥಳಾಂತರಿಸಬೇಕಾಯಿತು. ಆ ಬಲಿಗೆ ತಕ್ಕ ಉತ್ತರವಿತ್ತೆಂದು ಆಮೇಲೆ ವಿಶ್ಲೇಷಣೆ ಹೇಳಿತು. ಗಡಿಯಾರ ಓಡುತ್ತಿದ್ದಾಗ, ಎದುರಿಗೆ ತಾಲ್ ಕೂತಿದ್ದಾಗ, ಬೋಟ್ವಿನಿಕ್‌ರಂಥ ವೈಜ್ಞಾನಿಕ ಬುದ್ಧಿಗೂ ಅದು ಸಿಗಲಿಲ್ಲ.

ಇಂದು ಹವ್ಯಾಸಿಯ ಸಂತೋಷಕ್ಕೆ ಮೊದಲ ಪೆಟ್ಟು ಬೀಳುವುದು ಇದೇ ಜಾಗದಲ್ಲಿ. ಆಟ ಮುಗಿದ ಮರುಕ್ಷಣವೇ ಸ್ಟಾಕ್‌ಫಿಶ್ ಎಂಜಿನ್ ತೀರ್ಪು ಕೊಡುತ್ತದೆ: ನಿಮ್ಮ ಸುಂದರ ಬಲಿ ತಪ್ಪು, ಪ್ರಶ್ನಾರ್ಥಕ ಚಿಹ್ನೆ ಎರಡು. ಎಷ್ಟೋ ಮಂದಿ ಆ ಕೆಂಪು ಗುರುತು ನೋಡಿ ಆಟದ ಸವಿಯನ್ನೇ ಕಳೆದುಕೊಳ್ಳುತ್ತಾರೆ. ಎಂಜಿನ್ ಸುಳ್ಳು ಹೇಳುವುದಿಲ್ಲ, ಅದು ಉತ್ತರಿಸುತ್ತಿರುವುದು ಬೇರೆ ಪ್ರಶ್ನೆಗೆ. ಎರಡೂ ಕಡೆಯವರು ಎಂಜಿನ್ನಿನಂತೆ ಆಡಿದರೆ ಏನಾಗುತ್ತದೆ ಎಂದಷ್ಟೇ ಅದು ಹೇಳಬಲ್ಲದು. ಹತ್ತು ನಿಮಿಷದ ಆಟದಲ್ಲಿ, ಬಯಲಿಗೆ ಬಿದ್ದ ರಾಜನನ್ನು ಉಳಿಸಿಕೊಳ್ಳಲು ಸತತ ನಾಲ್ಕು ಸಲ ಒಂದೇ ಒಂದು ಸರಿಯಾದ ನಡೆಯನ್ನು ಹುಡುಕಬೇಕಾದ ಮನುಷ್ಯನ ಪಾಡು ಆ ಅಂಕಿಯಲ್ಲಿಲ್ಲ. ಕಾಪಾಡಿಕೊಳ್ಳುವುದಕ್ಕಿಂತ ಮೇಲೆ ಬೀಳುವುದು ಮನುಷ್ಯರಿಗೆ ಸುಲಭ; ಹವ್ಯಾಸಿಗಳ ಮಟ್ಟದಲ್ಲಂತೂ ಬಲಿ ಕೊಟ್ಟವರಿಗೆ ಇದು ನಿಜವಾದ ಬಂಡವಾಳ.

ಯಂತ್ರಗಳೂ ಈಗ ಬೇರೆ ಪಾಠ ಹೇಳುತ್ತಿವೆ. 2017ರಲ್ಲಿ ಡೀಪ್‌ಮೈಂಡ್‌ನ ಆಲ್ಫಾಝೀರೋ, ಯಾರ ಆಟವನ್ನೂ ನೋಡದೆ ತನ್ನೊಂದಿಗೆ ತಾನೇ ಆಡಿ ಕಲಿತು, ಸ್ಟಾಕ್‌ಫಿಶ್ ಜತೆ ನೂರು ಆಟ ಆಡಿತು. 28 ಗೆದ್ದಿತು, 72 ಡ್ರಾ, ಒಂದೂ ಸೋಲಿಲ್ಲ. ಆ ಆಟಗಳನ್ನು ನೋಡಿದ ಗ್ರ್ಯಾಂಡ್‌ಮಾಸ್ಟರ್‌ಗಳಿಗೆ ಬೆರಗಾದದ್ದು ಅದು ಕಾಲಾಳುಗಳನ್ನೂ ಕಾಯಿಗಳನ್ನೂ ಕೈಬಿಡುತ್ತಿದ್ದ ರೀತಿ: ತಕ್ಷಣದ ಲಾಭಕ್ಕಲ್ಲ, ಎದುರಾಳಿಯ ಕಾಯಿಗಳು ಮೂವತ್ತು ನಡೆ ಉಸಿರಾಡದಂತೆ ಮಾಡಲು. ಕಾಕ್ರನ್ ಇದ್ದಿದ್ದರೆ ಹಿಗ್ಗುತ್ತಿದ್ದರು.

ನಮ್ಮ ಕಡೆಯ ಚೆಸ್ ಈಗ ಒಳ್ಳೆಯ ಕಾಲ ನೋಡುತ್ತಿದೆ. 2017ರಲ್ಲಿ ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. 2024ರಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲೆ ಮಕ್ಕಳನ್ನು ಚೆಸ್ ತರಗತಿಗೆ ಸೇರಿಸುವ ಉತ್ಸಾಹ ಇನ್ನಷ್ಟು ಏರಿದೆ. ಟೂರ್ನಿ ನಡೆಯುವ ಶಾಲೆಯ ಹೊರಗೆ ಹೋಗಿ ನೋಡಿ: ನೀರಿನ ಬಾಟಲಿ, ಊಟದ ಡಬ್ಬಿ ಹಿಡಿದು ಅಪ್ಪ ಅಮ್ಮಂದಿರು ಬಿಸಿಲಿನಲ್ಲಿ ಕಾಯುತ್ತಾರೆ. ಒಳಗಿಂದ ಬಂದ ಮಗುವಿಗೆ ಮೊದಲ ಪ್ರಶ್ನೆ ‘ಗೆದ್ದೆಯಾ?’ ಎರಡನೆಯದು ರೇಟಿಂಗ್ ಎಷ್ಟು ಏರುತ್ತದೆ. ಪ್ರೀತಿಯ ಪ್ರಶ್ನೆಗಳೇ, ಆದರೆ ಅವುಗಳ ಭಾರ ಹಲಗೆಯ ಮೇಲೆ ಕಾಣುತ್ತದೆ. ಒಂಬತ್ತು ವರ್ಷದ ಮಕ್ಕಳು ಮೊದಲ ಅವಕಾಶದಲ್ಲೇ ರಾಣಿಗೆ ರಾಣಿ ಬದಲಾಯಿಸಿ, ಆನೆಗೆ ಆನೆ ಬದಲಾಯಿಸಿ, ತಪ್ಪಾಗದಂತೆ ಆಡಿ ಅರ್ಧ ಅಂಕಕ್ಕೆ ತೃಪ್ತರಾಗುತ್ತಾರೆ. ಮೇಲೆ ಬಿದ್ದು ಆಡುವ ಆಸೆ ಆ ವಯಸ್ಸಿನಲ್ಲಿ ಇಲ್ಲದಿದ್ದರೆ ಇನ್ಯಾವಾಗ?

ತರಬೇತುದಾರರಲ್ಲಿ ನನ್ನದೊಂದು ಕೋರಿಕೆ. ತಿಂಗಳಿಗೊಂದು ದಿನ ಅಂಕವಿಲ್ಲದ ಆಟವಿಡಿ. ಎಲ್ಲರೂ ಎವಾನ್ಸ್ ಗ್ಯಾಂಬಿಟ್ ಆಡಲಿ, ಮುಂದಿನ ತಿಂಗಳು ಕಾಕ್ರನ್. ಆಟ ಮುಗಿದ ಮೇಲೆ ಇಬ್ಬರೂ ಕೂತು ಮತ್ತೆ ಕಾಯಿ ಜೋಡಿಸಲಿ; ಎಲ್ಲಿ ಬಲಿ ಗೆದ್ದಿತು, ಎಲ್ಲಿ ಬತ್ತಿತು ಎಂದು ತಾವೇ ಹುಡುಕಲಿ. ಎಂಜಿನ್ ಕೊನೆಗೆ ಬರಲಿ. ಹೀಗೆ ಕಲಿತ ಮಗು ರಕ್ಷಣೆಯನ್ನೂ ಚೆನ್ನಾಗಿ ಕಲಿಯುತ್ತದೆ, ಏಕೆಂದರೆ ಏಟು ಎಲ್ಲಿಂದ ಬರುತ್ತದೆ ಎಂಬುದು ಅದಕ್ಕೆ ಗೊತ್ತಿರುತ್ತದೆ. ಹಲಗೆಯ ಮೇಲೆ ಚೆಲುವನ್ನು ಚೆಲುವಿಗಾಗಿಯೇ ಹುಡುಕುವುದು ನಮ್ಮ ನೆಲಕ್ಕೆ ಅಪರಿಚಿತವೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದೇ 64 ಮನೆಗಳನ್ನೂ ಒಂದೊಂದು ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸಿದವರು. ಅಲ್ಲಿ ಗೆಲ್ಲುವವರಿಲ್ಲ, ಸೋಲುವವರಿಲ್ಲ, ನಡೆ ಮಾತ್ರ ಇದೆ.

ಇನ್ನು ಬಲಿಯನ್ನು ಎದುರಿಸುವವರ ಮಾತು. ಸುಂದರ ಆಟಕ್ಕೆ ಇಬ್ಬರು ಬೇಕು. ಕೊಟ್ಟದ್ದನ್ನು ತೆಗೆದುಕೊಳ್ಳುವ ಧೈರ್ಯವೂ ಧೈರ್ಯವೇ. 1851ರ ಜೂನ್ 21ರಂದು ಲಂಡನ್ನಿನಲ್ಲಿ ಬ್ರೆಸ್ಲಾವಿನ ಗಣಿತದ ಮೇಷ್ಟ್ರು ಅಡಾಲ್ಫ್ ಆಂಡರ್ಸನ್ ಮತ್ತು ಪ್ಯಾರಿಸ್ಸಿನ ಲಿಯೋನೆಲ್ ಕೀಸೆರಿಟ್ಸ್‌ಕಿ ಆಡಿದ ಆಟವನ್ನು ಜಗತ್ತು ‘ಅಮರ ಆಟ’ ಎನ್ನುತ್ತದೆ. ಮೊದಲ ಅಂತರರಾಷ್ಟ್ರೀಯ ಟೂರ್ನಿ ಅದೇ ಊರಿನಲ್ಲಿ ನಡೆಯುತ್ತಿತ್ತು, ಅದನ್ನು ಆಂಡರ್ಸನ್ ಗೆದ್ದರು ಕೂಡ. ಆದರೆ ಈ ಆಟ ಟೂರ್ನಿಯದಲ್ಲ, ಬಿಡುವಿನಲ್ಲಿ ಆಡಿದ್ದು. ಆಂಡರ್ಸನ್ ಒಂದು ಒಂಟೆ ಕೊಟ್ಟರು. ಒಂದು ಆನೆ ಕೊಟ್ಟರು. ಇನ್ನೊಂದು ಆನೆಯನ್ನೂ ಕೊಟ್ಟರು. 22ನೇ ನಡೆಗೆ ರಾಣಿಯನ್ನು ಕೊಟ್ಟು 23ಕ್ಕೆ ಮೇಟ್. ಆಗ ಕಾಲಾಳುಗಳಲ್ಲದೆ ಅವರ ರಾಜನ ಬಳಗದಲ್ಲಿ ಉಳಿದದ್ದು ಎರಡು ಕುದುರೆ, ಒಂದು ಒಂಟೆ. ಇಡೀ ಆಟದಲ್ಲಿ ಕಪ್ಪು ಕಳೆದುಕೊಂಡದ್ದು ಮೂರೇ ಕಾಲಾಳು. 18ನೇ ನಡೆಗೆ ಕೀಸೆರಿಟ್ಸ್‌ಕಿ ಆನೆಯನ್ನು ಹೊಡೆಯುವ ಕ್ರಮ ಬದಲಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಅವರೋ ಸಿಕ್ಕಿದ್ದನ್ನೆಲ್ಲ ತೆಗೆದುಕೊಂಡರು.

ಕೀಸೆರಿಟ್ಸ್‌ಕಿ ಆಗ ಪ್ಯಾರಿಸ್ಸಿನಲ್ಲಿ ‘ಲಾ ರೆಜಾನ್ಸ್’ ಎಂಬ ಚೆಸ್ ಪತ್ರಿಕೆ ನಡೆಸುತ್ತಿದ್ದರು. ಟೂರ್ನಿಯಲ್ಲಿ ಮೊದಲ ಸುತ್ತಿಗೇ ಸೋತು ಹೊರಬಿದ್ದ ಮನುಷ್ಯ, ಇಂಥ ಸೋಲನ್ನು ಲಂಡನ್ನಿನಲ್ಲೇ ಬಿಟ್ಟುಬರಬಹುದಿತ್ತು. ಮರುತಿಂಗಳೇ, 1851ರ ಜುಲೈ ಸಂಚಿಕೆಯಲ್ಲಿ, ಆ ಆಟವನ್ನು ತಮ್ಮ ಪತ್ರಿಕೆಯಲ್ಲಿ ತಾವೇ ಅಚ್ಚು ಹಾಕಿಸಿದರು.